ಕ್ಲೇರ್ ಕೌಂಟಿಯ ಶಾಪವೂ ನನ್ನ ಬಲಗಾಲೂ

ಕುರ್ಚಿಯಲ್ಲಿ ಕುಳಿತೊಡನೆ ನನ್ನ ಬಲಗಾಲು ತಾನಾಗಿ ಅಲ್ಲಾಡತೊಡಗುತ್ತದೆ. ಹಾಗೆ ಕಾಲಾಡಿಸಿದರೆ ಮನೆಯಲ್ಲಿ ಲಕ್ಷ್ಮಿ ನಿಲ್ಲುವುದಿಲ್ಲವೆಂದು ಮೈಸೂರಿನಲ್ಲಿ ಅಮ್ಮ ಗದರುತ್ತಿದ್ದರು. ಲಕ್ಷ್ಮಿಯ ಮಾತು ಹಾಗಿರಲಿ, ನಾನೇ ಎಲ್ಲೂ ನಿಲ್ಲಲಿಲ್ಲ: ಹ್ಯೂಸ್ಟನ್ನಿನಲ್ಲಿ ಓದು, ಡಲ್ಲಾಸಿನಲ್ಲಿ ಮೊದಲ ಕೆಲಸ, ಆಮೇಲೆ ಆಸ್ಟಿನ್. ಆಸ್ಟಿನ್ ಹೊರವಲಯದ ಫ್ಲೂಗರ್‌ವಿಲ್‌ನ ಅಪಾರ್ಟ್‌ಮೆಂಟಿನಲ್ಲಿ ನನ್ನ ಅರ್ಧ ಸಂಸಾರ ರಟ್ಟಿನ ಪೆಟ್ಟಿಗೆಗಳಲ್ಲೇ ಉಳಿದು, ಮುಂದಿನ ಪ್ರಯಾಣಕ್ಕೆ ನನಗಿಂತ ಮೊದಲೇ ಸಿದ್ಧವಾಗಿ ಕುಳಿತಿತ್ತು.

ಈ ಕಾಲನ್ನು ಮೊದಲು ಗೌರವಿಸಿದವಳು ಆಫೀಸಿನಲ್ಲಿ ಪಕ್ಕದ ಮೇಜಿನ ನೋರಾ, ಐರ್ಲೆಂಡಿನ ಕ್ಲೇರ್ ಕೌಂಟಿಯವಳು. "ಇಷ್ಟು ಒಳ್ಳೆ ಎಂಜಿನ್ನನ್ನ ಮೇಜಿನ ಕೆಳಗೆ ಯಾಕೆ ಓಡಿಸ್ತೀಯ?" ಎಂದವಳು ನನ್ನನ್ನು ಶನಿವಾರದ ಮೈದಾನಕ್ಕೆ ಎಳೆದೊಯ್ದು, ತುದಿ ಚಪ್ಪಟೆಯಾದ ಮರದ ಕೋಲೊಂದನ್ನು ಕೈಗಿತ್ತಳು. ಕೋಲಿನಿಂದ ಚೆಂಡು ಬಾರಿಸುತ್ತ ಓಡುವ ಅವಳ ಊರಿನ ಹರ್ಲಿಂಗ್ ಆಟ. ಹೆಂಗಸರು ಆಡಿದರೆ ಅದರ ಹೆಸರು ಕಮೋಗಿ.

ಆಟದ ಬೆನ್ನಿಗೆ ಚರಿತ್ರೆಯೂ ಬಂತು. ಕ್ಲೇರಿನವರು ಒಮ್ಮೆ ದೇಶದ ಕಿರೀಟ ಗೆದ್ದ ಮೇಲೆ, ಮತ್ತೆ ಗೆಲ್ಲಲು ತಲೆಮಾರುಗಳೇ ಕಳೆದು ತೊಂಬತ್ತರ ದಶಕ ಬರಬೇಕಾಯಿತು. ನಡುವಿನ ಸೋಲುಗಳಿಗೆಲ್ಲ ನಾಟಿವೈದ್ಯೆಯೊಬ್ಬಳ ಶಾಪವೇ ಕಾರಣವೆಂದು ಊರಿನ ನಂಬಿಕೆ. ನಿಖರತೆಯ ಚಾಳಿಯಿರುವ ನಾನು ಹುಡುಕಿ ಓದಿ, ಆಟದ ಸಂಘ ಹುಟ್ಟುವ ಮೊದಲೇ ಆಕೆ ತೀರಿಕೊಂಡಿದ್ದಳೆಂದು ತಿಳಿಸಿದೆ. "ಸೋತವರ ಮುಂದೆ ಕ್ಯಾಲೆಂಡರ್ ಹಿಡೀಬೇಡ" ಎಂದಳು ನೋರಾ.

ನನ್ನನ್ನು ಕಾಡಿದ್ದು ಇನ್ನೊಂದು ಸಂಗತಿ. ಅಲ್ಲಿ ಆಟಗಾರರನ್ನು ಯಾರೂ ಕೊಳ್ಳುವುದಿಲ್ಲ. ಹುಟ್ಟಿದ ಊರಿಗಾಗಿ ಆಡಿ, ಸೋಮವಾರ ಪಾಠ ಹೇಳಲೋ ಹಸು ಕರೆಯಲೋ ಹೋಗುತ್ತಾರೆ. ಅಂಥವರ ಕೋಲು ಎಲ್ಲೂ ನಿಲ್ಲದ ನನ್ನ ಕೈಯಲ್ಲಿ!

ವಿಚಿತ್ರವೆಂದರೆ ಮೈದಾನದಲ್ಲಿ ನಾನು ನಿಂತುಬಿಡುತ್ತಿದ್ದೆ. ಅಣ್ಣಂದಿರೊಡನೆ ಕ್ರಿಕೆಟ್ ಆಡಿ ಬೆಳೆದವಳು. ಚೆಂಡನ್ನು ಬಾರಿಸಿ, ಬೌಂಡರಿ ಖಚಿತವೆಂಬಂತೆ ಅದು ಹೋಗುವ ಚಂದವನ್ನು ನೋಡುತ್ತಿದ್ದೆ. ಅಷ್ಟರಲ್ಲಿ ಎದುರಾಳಿ ಅದನ್ನೆತ್ತಿಕೊಂಡು ನನ್ನ ಮುಂದೆಯೇ ಓಡಿರುತ್ತಿದ್ದಳು. "ಫೋಟೋ ತೆಗೀಲಿ ಅಂತ ನಿಂತಿದ್ದೀಯಾ?" ಎಂದು ನೋರಾ ಕೂಗುತ್ತಿದ್ದಳು. ಊರೂರು ಓಡುವವಳು ಓಡಬೇಕಾದಲ್ಲಿ ಮಾತ್ರ ನಿಲ್ಲುತ್ತಿದ್ದೆ.

ಹೀಗಿರುವಾಗ ಮ್ಯಾನೇಜರ್ ಮುಂದಿನ ವಾರವೇ ಮತ್ತೆ ಡಲ್ಲಾಸಿಗೆ ಶಿಫ್ಟ್ ಆಗಲು ಹೇಳಿ, ಸೋಮವಾರ ಉತ್ತರ ಬೇಕೆಂದರು. ಒಲ್ಲೆನೆಂದರೆ ಕೆಲಸ ಉಳಿಯುವ ಭರವಸೆಯಿರಲಿಲ್ಲ. ಹೋದರೆ ಆ ಶನಿವಾರದ ಪಂದ್ಯಕ್ಕೆ ನಮ್ಮ ತಂಡದಲ್ಲಿ ಒಬ್ಬಳು ಕಡಿಮೆ. ಎದುರಾಳಿಗಳು ಡಲ್ಲಾಸಿನವರೇ.

"ಚಲೋನೇ ಆತಲ್ರಿ," ಎಂದು ನಕ್ಕಳು ನನ್ನ ರೂಮ್‌ಮೇಟ್, ಹುಬ್ಬಳ್ಳಿಯ ಸುಮಂಗಲಾ. "ಅಲ್ಲೇ ಹೋಗಿ ಅವರ ಕಡೆ ಆಡ್ರಿ. ಪೆಟ್ಟಿಗಿ ಅಂತೂ ಬಿಚ್ಚಿಲ್ಲ."

ಸುಮಂಗಲಾಳ ಈ ಮಾತನ್ನು ನಾನು ಆಫೀಸಿನಲ್ಲಿ ಹೇಳಿದಾಗ ನೋರಾ ನಗಲಿಲ್ಲ. ನೀನೂ ಕ್ಲೇರ್ ಬಿಟ್ಟು ಬಂದವಳಲ್ಲವೇ ಎಂದೆ. "ಬಿಟ್ಟೆ. ಅದಕ್ಕೇ ಈಗ ಇರೋ ಊರಿಗೆ ಆಡ್ತೀನಿ" ಎಂದಳು.

ಸೋಮವಾರ ಮ್ಯಾನೇಜರ್ ಎದುರು ಕುಳಿತೊಡನೆ ಕಾಲು ಶುರುವಾಯಿತು. ಹಿಂದೆಲ್ಲ ಪ್ರಶ್ನೆ ಮುಗಿಯುವ ಮೊದಲೇ ಹೂಂ ಎನ್ನುತ್ತಿದ್ದ ನಾನು, ಪೂರ್ತಿ ಕೇಳಿಸಿಕೊಂಡು, ಆಸ್ಟಿನ್ನಿನಲ್ಲೇ ಇರುತ್ತೇನೆಂದೆ. ನನ್ನ ಕೆಲಸದ ವಿಷಯ ತಾವು ಯೋಚಿಸಿ ನೋಡಬೇಕೆನ್ನುತ್ತ ಅವರು ಅಲ್ಲಾಡುತ್ತಿದ್ದ ನನ್ನ ಕಾಲನ್ನು ನೋಡಿ, ಹೆದರಿಕೆಯೇ ಎಂದು ಕೇಳಿದರು.

ಹೆದರಿಕೆ ಇದ್ದೇ ಇತ್ತು. ಆದರೂ ಶನಿವಾರ ಮ್ಯಾಚ್ ಇದೆ ಎಂದಷ್ಟೇ ಹೇಳಿದೆ. ಕಾಲನ್ನು ಅದರ ಪಾಡಿಗೆ ಬಿಟ್ಟೆ.