ರಾಯಭಾರಿಯ ಕಥೆಗೆ ಹೊದಿಸಿದ ಶಾಲು

ಮೊನ್ನೆ ಮಗಳು ಊಟದ ಮೇಜಿನ ಮೇಲೆ ಶಾಲೆಯ ಪ್ರಾಜೆಕ್ಟ್ ಹರವಿಕೊಂಡು ಮಾರ್ಕರ್ ಪೆನ್ನಿನ ಮುಚ್ಚಳ ತೆಗೆದಳು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಶಿಕಾಗೋ ಬಳಿಯ ಲೊಂಬಾರ್ಡಿನ ನಮ್ಮ ಹಳೆಯ ಅಪಾರ್ಟ್‌ಮೆಂಟು, ಎದುರು ಮನೆಯ ಅಂಕಲ್, ಪ್ರೊಜೆಕ್ಟರಿಗೆಂದು ಅವರು ಬರೆಯುತ್ತಿದ್ದ ಪ್ಲಾಸ್ಟಿಕ್ ಹಾಳೆಗಳು ನೆನಪಾದವು... ಜೊತೆಗೆ ಸಿಟ್ಟೂ ಬಂತು. ಇಷ್ಟು ವರ್ಷವಾದರೂ ಅದು ಆರಿಲ್ಲ.

ತೊಂಬತ್ತರ ದಶಕದ ಕೊನೆ. ಧಾರವಾಡದ ಕಡೆಯ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತರಾದ ಅಂಕಲ್ ಮಗಳ ಮನೆಗೆ ಬಂದಿದ್ದರು. ಹದಿನೆಂಟನೇ ಶತಮಾನದ ಒಬ್ಬ ಬ್ರಿಟಿಷ್ ರಾಯಭಾರಿಯ ಮೇಲೆ ಪಿಎಚ್‌ಡಿ ಮಾಡಲು ಹೊರಟು, ಅಲ್ಲಿ ಪುಸ್ತಕ ಸಿಗದೆ ಅರ್ಧಕ್ಕೇ ಬಿಟ್ಟಿದ್ದರಂತೆ. ಇಲ್ಲಿ ಸಿಕ್ಕವು. ಮಗಳು ಸ್ಟೇಷನ್ನಿಗೆ ಬಿಟ್ಟರೆ ರೊಟ್ಟಿ ಡಬ್ಬಿ ಹಿಡಿದು ರೈಲು ಹತ್ತಿ ಶಿಕಾಗೋದ ಲೈಬ್ರರಿಗೆ ಹೋಗಿ ಸಂಜೆಗೆ ಮರಳುತ್ತಿದ್ದರು.

ನಮ್ಮ ಕನ್ನಡ ಕೂಟದವರು ದೀಪಾವಳಿ ಕಾರ್ಯಕ್ರಮದಲ್ಲಿ ಮಾತಾಡಲು ಅವರನ್ನು ಕರೆದರು. ವಿಷಯ ಕೇಳಿದ ಅಧ್ಯಕ್ಷರ ಮುಖ ಹುಳ್ಳಗಾಯಿತು.

"ಅಂಕಲ್, ವಿಜಯನಗರದ ಬಗ್ಗೆ ಏನಾದ್ರೂ ಹೇಳ್ಬೋದಲ್ವಾ?"

"ಅದನ್ನ ಎಲ್ಲಾರೂ ಹೇಳ್ತಾರ್ರೀ. ನಮ್ಮನ್ನ ಆಳಾಕ ಬಂದವರು ಎಂಥಾ ಮಂದಿ, ಹೆಂಗ ಮ್ಯಾಲೆ ಬಂದ್ರು, ಅದು ಗೊತ್ತಾಗಬ್ಯಾಡೇನು?"

ಅಂದು ನೇಪರ್‌ವಿಲ್‌ನ ಶಾಲೆಯ ಸಭಾಂಗಣಕ್ಕೆ ನಾನೇ ಅವರನ್ನು ಕಾರಿನಲ್ಲಿ ಕರೆದೊಯ್ದೆ. ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ಕಥೆ ಹೇಳಿದರು. ದೊಡ್ಡವರ ಮನೆಯ ಗುಮಾಸ್ತನಾಗಿದ್ದವನು ತುರ್ಕಿಯ ಸುಲ್ತಾನನ ಆಸ್ಥಾನಕ್ಕೆ ರಾಯಭಾರಿಯಾದನಂತೆ. ಅಲ್ಲಿಯ ಭಾಷೆ ಒಂದಕ್ಷರ ಬಾರದು. ದುಭಾಷಿಗಳು ಹೇಳಿದ್ದನ್ನೇ ನಂಬಿ ಲಂಡನ್ನಿಗೆ ವರದಿ ಬರೆದ. ಮರಳಿದ ಮೇಲೆ ಶ್ರೀಮಂತ ಪ್ರಭುವೊಬ್ಬನ ಕೃಪೆಯಿಂದ ಪಾರ್ಲಿಮೆಂಟ್ ಸೇರಿ, ಬಾಯಿ ಬಿಡದೆ ಕುಳಿತು, ಪ್ರಭು ಹೇಳಿದ ಕಡೆಗೆ ಮತ ಹಾಕಿದ.

"ಕ್ಲಾಸಿನ್ಯಾಗ ಹುಡುಗ್ರು ನೋಟ್ಸ್ ಅಷ್ಟ ಕೇಳ್ತಿದ್ರು. ಇದನ್ನ ಕೇಳೋ ಮಂದಿ ಇವತ್ತ ಸಿಗ್ತಾರ ನೋಡ್ರಿ," ಎಂದರು. ಅವರನ್ನು ಅಷ್ಟು ಖುಷಿಯಲ್ಲಿ ನಾನು ಎಂದೂ ಕಂಡಿರಲಿಲ್ಲ.

ಮಕ್ಕಳ ಡ್ಯಾನ್ಸು ಮುಗಿಯಲೇ ಇಲ್ಲ. ಒಂದು ಗುಂಪು ಇಳಿದರೆ ಇನ್ನೊಂದು ಹತ್ತುತ್ತಿತ್ತು; ಕ್ಯಾಮೆರಾ ಹಿಡಿದ ಅಪ್ಪಂದಿರು 'ಒನ್ಸ್ ಮೋರ್' ಎಂದು ಕೂಗುತ್ತಿದ್ದರು. ಅಂಕಲ್ ಪ್ರೊಜೆಕ್ಟರಿನ ಪಕ್ಕ ಕಾದು ಕುಳಿತರು. ಹಿಂದೆ ಬಿಸಿಬೇಳೆಬಾತಿನ ಟ್ರೇ ತೆರೆದದ್ದೇ ಜನ ಎದ್ದರು. ಅಧ್ಯಕ್ಷರು ಓಡಿ ಬಂದರು.

"ಸಾರಿ ಅಂಕಲ್, ಹಾಲ್ ಖಾಲಿ ಮಾಡ್ಬೇಕು. ಸ್ಪೀಚ್ ಬದ್ಲು ನಿಮಗೊಂದು ಸನ್ಮಾನ ಮಾಡ್ಬಿಡ್ತೀವಿ!"

ಮಾಡಿಯೇ ಬಿಟ್ಟರು. ಮೈಸೂರು ಪೇಟ, ಹಾರ, ಶಾಲು. ಮೈಕಿಗೆ ಚಾಚಿದ ಕೈಗೆ ಹಣ್ಣಿನ ಬುಟ್ಟಿ ತುರುಕಿದರು. ಫೋಟೋಗೆ ಇಡೀ ಕಮಿಟಿಯೇ ನುಗ್ಗಿತು. ಮೂಗಿಗೆ ತುಪ್ಪ ಸವರುವ ನಮ್ಮವರ ಈ ವಿದ್ಯೆ ನೆನೆದರೆ ಈಗಲೂ ಮೈ ಉರಿಯುತ್ತದೆ. ಅವಮಾನ ಮಾಡಿದರೆ ಮನುಷ್ಯ ಜಗಳಕ್ಕಾದರೂ ನಿಲ್ಲಬಹುದು. ಸನ್ಮಾನ ಮಾಡಿದರೆ ಏನು ಮಾಡಬೇಕು? ಅಂಕಲ್ ಕೈಮುಗಿದು ಇಳಿದರು.

ಮರಳುವಾಗ ನಾನು ಬೈಯುತ್ತಲೇ ಕಾರು ಓಡಿಸಿದೆ. "ಹೋಗ್ಲಿ ಬಿಡ್ರಿ, ಮಕ್ಕಳು ಛಲೋ ಕುಣದ್ವು," ಎಂದರಷ್ಟೇ. ಪೇಟ ಇನ್ನೂ ತಲೆಯ ಮೇಲೇ ಇತ್ತು... ಆಮೇಲೆ ಅವರು ಲೈಬ್ರರಿಗೆ ಹೋದದ್ದನ್ನು ನಾನು ಕಾಣಲಿಲ್ಲ.

ಮುಂದೆ ಅಂಕಲ್ ಅಳಿಯನಿಗೆ ದೂರದ ವಾರೆನ್ ಎಂಬ ಊರಿನಲ್ಲಿ ಕಾರು ಕಂಪನಿಯ ಕೆಲಸ ಸಿಕ್ಕಿತು; ಮನೆಮಂದಿಯೆಲ್ಲ ಅಲ್ಲಿಗೆ ಹೋದರು. ಒಂದು ಚಳಿಗಾಲ ಅಲ್ಲಿಂದ ಫೋನ್ ಬಂತು, ಅಂಕಲ್ ಹೋಗಿಬಿಟ್ಟರು ಎಂದು. ಯುಗಾದಿ ಕಾರ್ಯಕ್ರಮದಲ್ಲಿ ಅದೇ ಅಧ್ಯಕ್ಷರು ಅವರ ಹೆಸರು ಹೇಳಿ, ಒಂದು ನಿಮಿಷ ಮೌನ ಆಚರಿಸೋಣ ಎಂದರು. ಇಡೀ ಸಭಾಂಗಣ ಎದ್ದು ನಿಂತಿತು. ಒಬ್ಬರೂ ಮಿಸುಕಲಿಲ್ಲ, ಒಬ್ಬರೂ ಊಟದ ಕಡೆ ತಿರುಗಲಿಲ್ಲ. ಇಂಥ ಸಭಿಕರು ಸಿಗಬೇಕಾದರೆ ಅವರು ಸಾಯಬೇಕಾಯಿತು.

ನಾನು ಹೊರಗೆ ನಡೆದೆ. ಕೂಟಕ್ಕೆ ಮತ್ತೆ ಹೋಗಿಲ್ಲ. ಆ ಕಥೆ ಕೇಳಿದವನು ನಾನೊಬ್ಬನೇ, ನನಗೂ ಈಗ ಅರ್ಧಂಬರ್ಧ ನೆನಪು. ರಾಯಭಾರಿಯ ಹೆಸರು ಏನು ಮಾಡಿದರೂ ನಾಲಿಗೆಗೆ ಬರುತ್ತಿಲ್ಲ. ಕೇಳೋಣವೆಂದರೆ ಅಂಕಲ್ ಇಲ್ಲ.