ಪರದೆಯ ಹಿಂದೆ ಕೂತ ನಗೆ ಡಾಕ್ಟರ್

ಊರವರ ಬಾಯಲ್ಲಿ ಅವಳಿಗೆ ‘ನಗೆ ಡಾಕ್ಟರ್’ ಎಂದು ಹೆಸರು. ಹೆರಿಗೆ ನೋವಿನಲ್ಲಿ ಹಲ್ಲು ಕಚ್ಚಿಕೊಂಡು ಮಲಗಿದವಳನ್ನೂ ಒಮ್ಮೆಯಾದರೂ ನಗಿಸದೆ ಬಿಟ್ಟವಳಲ್ಲ. ನಲವತ್ತು ದಾಟಿದ ಮೇಲೆ ಸ್ವಂತ ಕ್ಲಿನಿಕ್ಕಿಗೆ ಬೀಗ ಹಾಕಿ, ಮತ್ತೆ ವಿದ್ಯಾರ್ಥಿಯಾಗಿ ದೊಡ್ಡಾಸ್ಪತ್ರೆಗೆ ಸೇರಿಕೊಂಡಳು. ಜಾರಿದ ಗರ್ಭಕೋಶವನ್ನು ಎತ್ತಿ ಕಟ್ಟುವ, ಸೋರುವ ಮೂತ್ರಕೋಶವನ್ನು ಸರಿಪಡಿಸುವ ಶಸ್ತ್ರಚಿಕಿತ್ಸೆಯ ಫೆಲೋಶಿಪ್ ಅದು. “ಈ ವಯಸ್ಸಲ್ಲಿ ಇದೆಲ್ಲ ಬೇಕಾ?” ಎಂದು ಗಂಡ ಗೊಣಗಿದಾಗ ಅವನ ಬಾಯಿ ಮುಚ್ಚಿಸಿದವರು ಅತ್ತೆ. “ಕಲೀಲಿ ಬಿಡೋ. ಹೆಂಗಸರು ಬಾಯಿಬಿಟ್ಟು ಹೇಳಿಕೊಳ್ಳದ ಕಾಯಿಲೆ ಅದು” ಎಂದರು. ಅದು ನಿಮಗೆ ಹೇಗೆ ಗೊತ್ತು ಎಂದು ಕೇಳಬೇಕೆಂದು ಆ ಮನೆಯಲ್ಲಿ ಓದಿದ ಒಬ್ಬರಿಗೂ ಹೊಳೆಯಲಿಲ್ಲ.

ಅತ್ತೆ ಟೈಲರ್. ಗಂಡ ತೀರಿಕೊಂಡ ಮೇಲೆ ಹೊಲಿಗೆ ಯಂತ್ರ ತುಳಿದೇ ಮಗನನ್ನು ಓದಿಸಿದವರು. ಈಚೆಗೆ ಯಂತ್ರವನ್ನು ಕೆಲಸದವಳಿಗೆ ಬಿಟ್ಟುಕೊಟ್ಟು, ತಾವು ಮೇಜಿನ ಮುಂದೆ ನಿಂತು ಬಟ್ಟೆ ಕತ್ತರಿಸುವುದನ್ನಷ್ಟೇ ಇಟ್ಟುಕೊಂಡಿದ್ದರು. ಯಾರ ಮನೆಗೆ ಹೋದರೂ ಬಾಗಿಲ ಹತ್ತಿರದ ಕುರ್ಚಿಯೇ ಆಗಬೇಕು. ನೀರು ಕೊಟ್ಟರೆ ತುಟಿಗೆ ತಾಗಿಸಿ ಕೆಳಗಿಡುತ್ತಿದ್ದರು. “ನಮ್ಮತ್ತೆ ಕೂತಲ್ಲಿ ಕೂರೋ ಜೀವ ಅಲ್ಲ” ಎಂದು ಸೊಸೆ ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಿದ್ದಳು. ಕಾಯಿಲೆಯ ಲಕ್ಷಣಗಳನ್ನು ಹೀಗೆ ಬಾಯ್ತುಂಬ ಹೊಗಳಿದ ಡಾಕ್ಟರ್ ಇನ್ನೊಬ್ಬಳು ಇರಲಿಕ್ಕಿಲ್ಲ!

ಫೆಲೋಶಿಪ್ ಕೊಡುವ ಹಿರಿಯ ಸರ್ಜನ್‌ಗೆ ಎಲ್ಲರೂ ‘ದೊಡ್ಡ ಮೇಡಂ’ ಎನ್ನುತ್ತಿದ್ದರು. ಅವರದೊಂದು ವಿಚಿತ್ರ ಪದ್ಧತಿ. ಹೊಸದಾಗಿ ಬಂದವರು, ಎಂಥ ಘಟಾನುಘಟಿಯೇ ಆಗಿರಲಿ, ಮೊದಲ ತಿಂಗಳುಗಳಲ್ಲಿ ರೋಗಿಯ ಮುಖ ನೋಡುವಂತಿಲ್ಲ. ಪರದೆಯ ಹಿಂದೆ ಸ್ಟೂಲಿನ ಮೇಲೆ ಕೂತು ಕೇಳಿಸಿಕೊಳ್ಳಬೇಕು. ರೋಗಿ ಒಪ್ಪಿದರೆ ಮಾತ್ರ. ಮಾತು ಮುಗಿದು ರೋಗಿ ಎದ್ದುಹೋದ ಮೇಲೆ ಹೊರಗೆ ಬಂದು, ಏನು ಕೇಳಿಸಿತು, ಏನಿರಬಹುದು ಎಂದು ಹೇಳಬೇಕು. “ಮೊದಲು ಕಿವಿ ಪಳಗಲಿ. ಕತ್ತರಿ ಹಿಡಿಯೋದು ಇದ್ದೇ ಇದೆ” ಎನ್ನುತ್ತಿದ್ದರು.

ನಗೆ ಡಾಕ್ಟರ್‌ನ ಕಿವಿ ಪಳಗಿತೋ ಇಲ್ಲವೋ, ನಾಲಿಗೆಗೆ ಮಾತ್ರ ಹಬ್ಬ. ಪರದೆಯ ಹಿಂದೆ ಕೇಳಿದ್ದೆಲ್ಲ ಊಟದ ಮೇಜಿಗೆ ಬರತೊಡಗಿತು. ಹೆಸರು ಹೇಳುವುದಿಲ್ಲವಲ್ಲ, ತಪ್ಪೇನು ಎಂಬುದು ಅವಳ ಲೆಕ್ಕಾಚಾರ. ಪಾತ್ರೆ ತೊಳೆಯಲು ಬಗ್ಗುವ ಮೊದಲು ಜಾರಿದ್ದನ್ನು ಕೈಯಿಂದ ಒಳಗೆ ತಳ್ಳಿಕೊಳ್ಳುತ್ತಿದ್ದ ಮುದುಕಿಯೊಬ್ಬಳ ಕತೆಯನ್ನಂತೂ ಎದ್ದುನಿಂತು ಅಭಿನಯಿಸಿ ತೋರಿಸಿದಳು. “ಡಾಕ್ಟ್ರೇ, ಇದೂ ನಮ್ಮ ಯಜಮಾನ್ರ ಹಾಗೇ. ಎಷ್ಟು ಒಳಗೆ ಕೂರಿಸಿದ್ರೂ ಹೊರಗೇ ಓಡುತ್ತೆ!” ಗಂಡ “ಊಟದ ಹೊತ್ತಲ್ಲಿ ಬೇಡ್ವೇ” ಎನ್ನುತ್ತಲೇ ಬಿದ್ದು ಬಿದ್ದು ನಕ್ಕ. ಎಲ್ಲರಿಗಿಂತ ಹೆಚ್ಚು ನಕ್ಕವರು ಅತ್ತೆ. ನಗು ತಡೆಯಲಾಗದೆ ಎದ್ದು ಬಚ್ಚಲಿಗೆ ಓಡಿದರು. ಸೊಸೆಗೆ ಬಹುಮಾನ ಬಂದಷ್ಟು ಖುಷಿಯಾಯಿತು.

ಅದಾಗಿ ಕೆಲವು ದಿನಗಳ ಮೇಲೆ, “ಇವತ್ತು ಪೂರ್ತಿ ಆಪರೇಷನ್ ನೋಡ್ತಾ ಥಿಯೇಟರಲ್ಲೇ ಇರ್ತೀನಿ, ಫೋನ್ ಮಾಡಬೇಡಿ” ಎಂದು ಮನೆಯಲ್ಲಿ ಹೇಳಿ ಹೊರಟಳು. ಆಸ್ಪತ್ರೆಗೆ ಬಂದು ನೋಡಿದರೆ ಉಪಕರಣಗಳನ್ನು ಶುದ್ಧಿ ಮಾಡುವ ಯಂತ್ರ ಕೈಕೊಟ್ಟಿತ್ತು. ಆಪರೇಷನ್‌ಗಳೆಲ್ಲ ಮುಂದಕ್ಕೆ ಹೋದವು. ಅವಳು ಮತ್ತೆ ಪರದೆಯ ಹಿಂದಿನ ಸ್ಟೂಲಿಗೇ ಬಂದಳು.

“ಕಲಿಯೋ ಡಾಕ್ಟರ್ ಒಬ್ಬರು ಪರದೆ ಹಿಂದೆ ಇದ್ದಾರೆ. ಕೇಳಿಸಿಕೊಳ್ಳಬಹುದಾ ಅಮ್ಮಾ?” ಎಂದರು ದೊಡ್ಡ ಮೇಡಂ.

“ಕೇಳಲಿ ಬಿಡಿ, ಪಾಪ. ಅವರೂ ಕಲೀಬೇಕಲ್ಲ.”

ಅತ್ತೆಯ ದನಿ! ಸೊಸೆ ಥಿಯೇಟರಿನಲ್ಲಿ ಇರುವ ದಿನವನ್ನೇ ನೋಡಿಕೊಂಡು ಬಂದಿದ್ದಾರೆ. ಎದ್ದು ಹೊರಗೆ ಬರಬೇಕಿತ್ತು. ಕೊನೇಪಕ್ಷ ಕೆಮ್ಮಬಹುದಿತ್ತು. ಏಳಲಿಲ್ಲ. ಹೆದರಿಕೆ ಎನ್ನೋಣವೆಂದರೆ ಹೆದರಿಕೆಯೊಂದೇ ಅಲ್ಲ. ತನ್ನ ಬಗ್ಗೆ ಏನು ಹೇಳುತ್ತಾರೋ ಎಂಬ ಕೆಟ್ಟ ಕುತೂಹಲವೂ ಇತ್ತು. ಒಂದೇ ಮನಸ್ಸಿನಲ್ಲಿ ಇವೆರಡೂ ಒಟ್ಟಿಗೆ ಇರಬಹುದು, ಏನು ಮಾಡುವುದು.

ಅತ್ತೆ ನಿಧಾನವಾಗಿ ಹೇಳಿದರು. ಕೂತರೆ ಚೆಂಡಿನ ಮೇಲೆ ಕೂತ ಹಾಗಾಗುತ್ತದೆ, ಅದಕ್ಕೇ ಯಂತ್ರ ತುಳಿಯುವುದನ್ನು ಬಿಟ್ಟದ್ದು. ಕೆಮ್ಮಿದರೆ ಸೋರುತ್ತದೆ. ಅಂಗಡಿಯಲ್ಲಿ ಉಳಿದ ಬಟ್ಟೆಯ ತುಂಡುಗಳನ್ನೇ ಮಡಚಿ ಇಟ್ಟುಕೊಳ್ಳುತ್ತಾರೆ.

“ಇಷ್ಟು ವರ್ಷ ಯಾಕಮ್ಮಾ ಸುಮ್ಮನಿದ್ರಿ? ಮನೇಲಿ ಯಾರೂ ಇಲ್ವಾ?”

“ಇದ್ದಾರೆ. ಸೊಸೇನೇ ಡಾಕ್ಟರು.”

“ಮತ್ತೆ? ಅವರು ಒಳ್ಳೆಯವರಲ್ವಾ?”

“ಅಯ್ಯೋ, ಹಾಗನ್ನಬೇಡಿ. ಚಿನ್ನದಂಥ ಹುಡುಗಿ. ಹೇಳಿಬಿಡೋಣ ಅಂತ ಎಷ್ಟೋ ಸಲ ಬಾಯಿ ತನಕ ಬಂದಿತ್ತು. ಅಷ್ಟರಲ್ಲಿ ಒಂದು ದಿನ ಊಟಕ್ಕೆ ಕೂತಾಗ, ನನ್ನಂಥವಳೇ ಒಬ್ಬಳ ಕತೆ ಹೇಳಿದಳು. ನಾನು ಮಾಡೋ ಹಾಗೇ ಮಾಡಿ ತೋರಿಸಿದಳು. ನನ್ನ ಮಗನೂ ನಕ್ಕ. ನಕ್ಕರೆ ನನಗೆ ಸೋರುತ್ತೆ. ನಗದೇ ಇದ್ರೆ ಗೊತ್ತಾಗಿಬಿಡುತ್ತೆ. ನಕ್ಕೆ. ಅವಳ ಬಾಯಿಗೆ ಬೀಳೋಕೆ ಧೈರ್ಯ ಇಲ್ಲ, ಮೇಡಂ.”

ನಗೆ ಡಾಕ್ಟರ್‌ನ ಮುಖ ಕಿವಿಯ ತುದಿಯ ತನಕ ಸುಡತೊಡಗಿತು. ಆ ಮುದುಕಿಯ ಮುಖ ನೆನಪಿಸಿಕೊಳ್ಳಲು ನೋಡಿದಳು. ನೆನಪಾಗುವುದಾದರೂ ಹೇಗೆ, ಅವಳನ್ನು ಕಂಡೇ ಇರಲಿಲ್ಲ. ಕಾಣದವಳ ಮೈಯನ್ನು ಆಡಿ ತೋರಿಸಿ ಚಪ್ಪಾಳೆ ಗಿಟ್ಟಿಸಿದ್ದಳು.

“ಬನ್ನಿ ಡಾಕ್ಟರ್, ಏನು ಕೇಳಿಸಿತು, ಈ ಸಲ ಅಮ್ಮನ ಎದುರಿಗೇ ಹೇಳಿ” ಎಂದು ದೊಡ್ಡ ಮೇಡಂ ಕರೆದರು.

ಅವಳು ಪರದೆ ಸರಿಸಿದಳು. ಅತ್ತೆಯ ಕೈ ತಾನಾಗಿಯೇ ಮಡಿಲ ಮೇಲಿನ ಸೆರಗನ್ನು ಬಿಗಿಯಾಗಿ ಎಳೆದುಕೊಂಡಿತು. ಯಾರೋ ಪರ ಗಂಡಸು ಒಳಗೆ ಬಂದಾಗ ಎಳೆದುಕೊಳ್ಳುವ ಹಾಗೆ.

“ಎಲ್ಲ ಕೇಳಿಸಿಕೊಂಡ್ಯಾ?”

“ಹೂಂ ಅತ್ತೆ. ನಾನು ಹಾಗೆಲ್ಲ ಆಡಬಾರದಿತ್ತು. ತಪ್ಪಾಯ್ತು.”

“ಅದು ಬಿಡು. ನನಗೂ ಅದೇ ಕಾಯಿಲೆ ಅಂತ ಆವತ್ತು ನಿನಗೇನು ಗೊತ್ತಿತ್ತು? ಇವತ್ತು ಇಲ್ಲಿ ಕೂತಿರೋದು ನಾನೇ ಅಂತ ಗೊತ್ತಿತ್ತಲ್ಲ. ನನ್ನ ದನಿ ಕೇಳಿದ ತಕ್ಷಣ ಎದ್ದು ಬರಬಹುದಿತ್ತು.”

ದೊಡ್ಡ ಮೇಡಂ ಒಮ್ಮೆ ಅತ್ತೆಯ ಮುಖ, ಒಮ್ಮೆ ಸೊಸೆಯ ಮುಖ ನೋಡಿ ಪೆನ್ನು ಕೆಳಗಿಟ್ಟರು.

“ನನ್ನನ್ನ ಮೇಡಮ್ಮೇ ನೋಡಲಿ. ನೀನು ಹೊರಗಿರಮ್ಮ” ಎಂದರು ಅತ್ತೆ. ಸಿಟ್ಟಿನ ದನಿಯಲ್ಲ. ಸಿಟ್ಟಾಗಿದ್ದರೆ ಎಷ್ಟೋ ವಾಸಿಯಿತ್ತು.

ಬಿಳಿ ಕೋಟು ಕಳಚಿ ಕೈಯಲ್ಲಿ ಸುತ್ತಿಕೊಂಡು, ಹೊರಗೆ ರೋಗಿಗಳ ಕಡೆಯವರು ಕೂರುವ ಬೆಂಚಿನಲ್ಲಿ ಕೂತಳು. ಪಕ್ಕದ ಹೆಂಗಸು ಸರಿದು ಜಾಗ ಕೊಟ್ಟು, “ನಿಮ್ಮೋರು ಯಾರು ಒಳಗಿರೋದು?” ಎಂದು ವಿಚಾರಿಸಿದಳು. “ನಮ್ಮತ್ತೆ” ಎಂದಳು.

ಬಹಳ ಹೊತ್ತಿನ ಮೇಲೆ ನರ್ಸ್ ಬಾಗಿಲಿಗೆ ಬಂದು ಕೂಗಿದಳು. “ಒಳಗಿರೋ ಟೈಲರಮ್ಮನ ಜೊತೆ ಬಂದೋರು ಯಾರು? ಆಪರೇಷನ್ನಿಗೆ ಒಪ್ಪಿದ್ದಾರೆ. ಆವತ್ತು ವಾರ್ಡಲ್ಲಿ ಜೊತೆಗಿರೋರು ಬೇಕು.”

“ನಾನು. ನಾನಿರ್ತೀನಿ” ಎಂದು ಅವಳು ಎದ್ದು ನಿಂತಳು.

“ಡಾಕ್ಟ್ರೇ, ನೀವಾ?” ನರ್ಸ್ ಕಣ್ಣರಳಿಸಿ ಒಳಗೆ ಹೋದಳು. ತಿರುಗಿ ಬಂದಾಗ ದನಿ ತಗ್ಗಿಸಿದಳು. ಆದರೂ ಬೆಂಚಿನವರಿಗೆಲ್ಲ ಕೇಳಿಸಿತು.

“ಟೈಲರ್ ಅಂಗಡಿ ಕೆಲಸದವಳನ್ನ ಕರ್ಕೊಂಡು ಬರ್ತಾರಂತೆ, ಡಾಕ್ಟ್ರೇ. ಮನೆಯವರು ಯಾರೂ ಬೇಡವಂತೆ.”