ಮುನ್ನೂರ ಹನ್ನೆರಡು ಎಳೆ

ನವರಾತ್ರಿಯ ಐದನೆಯ ದಿನ, ಗುರುವಾರ, ಬೆಳಿಗ್ಗೆ ಹತ್ತೂ ಹತ್ತು. ಸ್ಥಳ, ಬನಹಟ್ಟಿಯ ಒಂದು ಮಗ್ಗದ ಓಣಿ. ಹಾಜರಿದ್ದವರು ಮೂವರು: ಕಾರು ನಡೆಸುತ್ತಿದ್ದ ನಾನು, ಪಕ್ಕದಲ್ಲಿ ನನ್ನ ಯಜಮಾನರು, ಸೈಕಲ್ಲಿನ ಮೇಲೆ ನೂಲು ಸುತ್ತಿದ ಉದ್ದ ಉರುಳೆಯನ್ನು, ಅಂದರೆ ಬೀಮನ್ನು, ಅಡ್ಡ ಹೇರಿಕೊಂಡು ನೂಕುತ್ತಿದ್ದ ಒಬ್ಬ ನೇಕಾರರು. ಬೀಳಗಿ, ಮುಧೋಳದ ಆಸ್ಪತ್ರೆಗಳಲ್ಲಿ ಮೂವತ್ತನಾಲ್ಕು ವರ್ಷ ನರ್ಸಾಗಿ ವರದಿ ಬರೆದವಳು ನಾನು. ಇಷ್ಟನ್ನು ಮೊದಲು ಬರೆಯದೆ ನನಗೆ ಮುಂದಿನ ಸಾಲು ಬರುವುದಿಲ್ಲ.

ದೇವಿಯ ಉಡಿ ತುಂಬಲು ಸೀರೆ ಕೊಳ್ಳೋಣವೆಂದು ಜಮಖಂಡಿಯಿಂದ ಬಂದಿದ್ದೆವು. ಓಣಿಗೆ ತಿರುಗುವಾಗ ಸೈಕಲ್ಲಿನ ಅಗಲವನ್ನು ಅಂದಾಜು ಮಾಡಿದೆ, ಬೀಮಿನ ಉದ್ದವನ್ನು ಮಾಡಲಿಲ್ಲ. ಕಾರಿನ ಎಡಗಡೆಯ ದೀಪ ಬೀಮಿನ ತುದಿಗೆ ಬಡಿಯಿತು. ದೀಪದ ಗಾಜು ಒಡೆಯಿತು, ಬೀಮು ಕಲ್ಲಿನ ಮೇಲೆ ಬಿದ್ದು ಉರುಳಿತು. ನಾನು ನರ್ಸೆಂದು ಹೇಳಿ, ನೇಕಾರರಿಗೆ ಏಟು ತಾಗಿಲ್ಲವೆಂದು ಕೈಕಾಲು ಹಿಡಿದು ನೋಡಿ ಖಾತ್ರಿ ಮಾಡಿಕೊಂಡೆ. ಅವರು ನನ್ನನ್ನು ನೋಡಲೇ ಇಲ್ಲ. ಮಣ್ಣಿನಲ್ಲಿ ಕೂತು ಬೀಮಿನ ಅಂಚನ್ನು ಸವರುತ್ತಿದ್ದರು. ಒಂದು ಗೇಣಿನಷ್ಟು ಅಗಲಕ್ಕೆ ಎಳೆಗಳು ಹರಿದಿದ್ದವು.

"ಇನ್ಸೂರೆನ್ಸ್ ಐತಿಲ್ಲೋರಿ ಬಾಯಾರ?" ಎಂದು ಕೂತಲ್ಲಿಂದಲೇ ಕೇಳಿದರು.

"ಐತ್ರಿ. ನನ್ನ ಕಾಗದ ಎಂದೂ ತಪ್ಪಂಗಿಲ್ಲ" ಎಂದು ಫೈಲು ತೆಗೆದು ಯಜಮಾನರ ಕೈಗೆ ಕೊಟ್ಟೆ. ಅವರು ಚಷ್ಮಾ ಏರಿಸಿಕೊಂಡು ಓದಿ, ಮತ್ತೊಮ್ಮೆ ಓದಿ, ತಗ್ಗಿದ ದನಿಯಲ್ಲಿ ಹೇಳಿದರು: "ಶನಿವಾರಕ್ಕ ಮುಗದೈತಿ."

ಒಬ್ಬರು ಓಡಿಸಿದ್ದ ಈ ಕಾರನ್ನು ಎರಡು ವರ್ಷದ ಹಿಂದೆ ವಿಜಯದಶಮಿಯ ದಿನ ಕೊಂಡಿದ್ದೆವು. ವಿಮೆಯನ್ನೂ ಹಬ್ಬಕ್ಕೇ ಹೊಂದಿಸಿಟ್ಟಿದ್ದೆ. ಖಂಡೇ ಪೂಜೆಯ, ಅಂದರೆ ಆಯುಧಪೂಜೆಯ, ಹಿಂದಿನ ದಿನ ಗಾಡಿ ತೊಳೆಯುವುದು, ವಿಮೆ ಕಟ್ಟುವುದು, ಲಿಂಬೆಹಣ್ಣು ತರುವುದು. ಸ್ಕೂಟರಿನ ಕಾಲದಿಂದ ಇದೇ ಕ್ರಮ. ಈ ವರ್ಷ ಅಧಿಕ ಶ್ರಾವಣ ಬಂದು ಹಬ್ಬ ಮುಂದೆ ಹೋಯಿತು. ವಿಮೆ ಇಂಗ್ಲಿಷ್ ತಾರೀಖಿಗೇ ನಿಂತಿತು. ನಡುವಿನ ಈ ಐದು ದಿನಗಳನ್ನು ನನ್ನ ಶಿಸ್ತು ಕಂಡಿರಲಿಲ್ಲ.

"ಹಂಗಾರ ಸ್ಕೂಟರಿಗೂ ಅಧಿಕ ಮಾಸಕ್ಕೊಮ್ಮೆ ಇನ್ಸೂರೆನ್ಸ್ ಇರಲೇ ಇಲ್ಲೇನ?" ಎಂದರು ಯಜಮಾನರು.

"ಈಗ ಆ ಲೆಕ್ಕ ಬ್ಯಾಡ."

ತಪ್ಪು ನನ್ನದೆಂದು ನೇಕಾರರಿಗೆ ಹೇಳಿದೆ, ಬೀಮಿನ ಖರ್ಚು ಕೊಡುತ್ತೇನೆಂದೂ ಹೇಳಿದೆ. ಅವರು ತಲೆಯಾಡಿಸಿದರು.

"ರೊಕ್ಕಲೇ ಆಗೂದಲ್ಲರಿ ಇದು. ಬೀಮು ಮಾಲಕರದು. ಸಂಜಿ ಆರಕ್ಕ ಬಂದು ಮಗ್ಗ ಓಡಾಕತ್ತೈತೋ ಇಲ್ಲೋ ನೋಡ್ತಾರ. ಓಡಲಿಲ್ಲಂದ್ರ ದೀಪಾವಳಿ ಬೀಮು ಬ್ಯಾರೆಯವರ ಮನಿಗೆ. ಹೊಸಾ ಹಾಸು ಹಳೇ ಎಳಿಗೆ ಕೆಚ್ಚಾಕ ನಮ್ಮಾಕಿಗೆ ದಿನಾ ಪೂರ್ತಿ ಬೇಕು. ಹರಿದಿದ್ದು ಯಾರು ಕೂಡಸಬೇಕು? ಹಬ್ಬದಾಗ ಕೆಚ್ಚೋರು ಯಾರೂ ಸಿಗಂಗಿಲ್ಲ."

ಹಾಸೆಂದರೆ ಬೀಮಿನಿಂದ ಮಗ್ಗಕ್ಕೆ ಹೋಗುವ ಉದ್ದೆಳೆಗಳು, ಕೆಚ್ಚುವುದೆಂದರೆ ಎರಡು ಎಳೆಗಳ ತುದಿಯನ್ನು ಬೆರಳಲ್ಲಿ ಹೊಸೆದು ಒಂದು ಮಾಡುವುದು. ನಾನು ಹುಟ್ಟಿದ್ದು ರಬಕವಿಯ ನೇಕಾರರ ಮನೆಯಲ್ಲಿ. ಹದಿನೆಂಟರವರೆಗೆ ದಿನಾ ಸಂಜೆ ಸಾಲಿ ಬಿಟ್ಟ ಮೇಲೆ ನನ್ನ ಕೆಲಸ ಅದೇ ಆಗಿತ್ತು.

"ನಾ ಕೆಚ್ಚತೀನಿ" ಎಂದೆ.

"ಸೂಜಿ ಚುಚ್ಚಿದಂಗಲ್ಲರಿ" ಎಂದು ಅವರು ನಕ್ಕರು.

ವಿಮೆ ಇಲ್ಲವೆಂದು ಗೊತ್ತಾದ ಮೇಲೆ ನಾನು ಕಾರಿನ ಕೀಲಿ ತಿರುವಲಿಲ್ಲ. ಅವರ ಮನೆ ನಾಲ್ಕು ಮನೆಗಳಾಚೆ. ದಾರಿಯಲ್ಲಿದ್ದ ಇಬ್ಬರು ಕಾರು ನೂಕಲು ಕೈ ಹಚ್ಚಿದರು. "ಪೆಟ್ರೋಲ್ ತೀರೇತೇನ್ರಿ?" ಎಂದು ಒಬ್ಬರು ಕೇಳಿದರು. "ಇಲ್ಲ, ಇನ್ಸೂರೆನ್ಸ್ ತೀರೇತಿ" ಎಂದರು ಯಜಮಾನರು.

ನೇಕಾರರ ಹೆಂಡತಿ ಮಗ್ಗದ ಹಿಂದೆ ಕೂತು ಕೆಲಸಕ್ಕೆ ಅಣಿಯಾಗಿದ್ದರು. ಬೀಮು ನೋಡಿ ಗಂಡನನ್ನು ಬೈದರು, ನನ್ನನ್ನು ಬೈಯಲಿಲ್ಲ. ಅದು ನನಗೆ ಹೆಚ್ಚು ಚುಚ್ಚಿತು. ನಾನು ಕೈ ತೊಳೆದು, ಸೆರಗು ಸಿಕ್ಕಿಸಿ ಬೂದಿ ಕೇಳಿದೆ, ಹೊಸೆಯುವಾಗ ಬೆರಳು ಜಾರಬಾರದಲ್ಲ. ಗ್ಯಾಸ್ ಒಲೆಯ ಮನೆಯಲ್ಲಿ ಬೂದಿ ಎಲ್ಲಿಯದು? ದೇವರ ಜಗಲಿಯ ವಿಭೂತಿ ಗಟ್ಟಿಯ ಮೂಲೆ ಮುರಿದು ಕೊಟ್ಟರು.

ಹರಿದ ಪ್ರತಿ ಎಳೆಗೂ ಅದೇ ಬಣ್ಣದ ಮೊಳದುದ್ದ ನೂಲು ಕೂಡಿಸಬೇಕು. ಒಂದೂ ಸಾಲು ತಪ್ಪಬಾರದು. ಎಣಿಸಿದೆ, ಮುನ್ನೂರ ಹನ್ನೆರಡು. ಮೊದಲ ನಾಲ್ಕು ಎಳೆಗಳು ಬಿಚ್ಚಿಕೊಂಡವು. ಐದನೆಯದನ್ನು ಆ ಹೆಣ್ಣುಮಗಳು ತಾನೇ ಎಳೆದು ನೋಡಿದರು. ಬಿಚ್ಚಲಿಲ್ಲ. ಇನ್ನಷ್ಟು ಬಿಗಿಯಾಗಿ ಎಳೆದರು.

"ಯಾರ ಮನಿ ಮಗಳರಿ ನೀವು?"

"ಮಗ್ಗದ ಮನಿಯಾಕಿನ."

"ಮತ್ತ ಬೀಮು ಕಣ್ಣಿಗೆ ಬೀಳಲಿಲ್ಲೇನು?"

ನಾನು ಆರನೆಯ ಎಳೆಗೆ ಕೈ ಹಾಕಿದೆ. ಅವರು ಸರಿದು ನನಗೆ ಜಾಗ ಕೊಟ್ಟರು.

ಕೆಲಸವನ್ನು ವಾರ್ಡಿನಂತೆ ಹಂಚಿದೆ. ನೂಲು ಕತ್ತರಿಸುವುದು ನೇಕಾರರದು. ಇಪ್ಪತ್ತೈದು ಎಳೆಗೊಮ್ಮೆ ಗೋಡೆಗೆ ಸೀಮೆಸುಣ್ಣದ ಗೆರೆ ಹಾಕುವುದು, ತಾಸಿಗೊಮ್ಮೆ ನನಗೆ ನೀರು ಕೊಡುವುದು ಯಜಮಾನರದು. ಊಟಕ್ಕೆ ಇಪ್ಪತ್ತು ನಿಮಿಷ. ಒಂದು ಗಂಟೆಯ ಹೊತ್ತಿಗೆ ಬೆರಳಿಗೆ ತನ್ನ ಹಳೆಯ ಓಟ ಸಿಕ್ಕಿತು. ಐವತ್ತು ವರ್ಷ ಮುಟ್ಟದ ಕೆಲಸ, ಆದರೂ ಹೆಬ್ಬೆರಳು ಎಲ್ಲಿ ಒತ್ತಬೇಕೆಂಬುದನ್ನು ನಾನು ಹೇಳಿಕೊಡಬೇಕಾಗಲಿಲ್ಲ. ಮೂರರ ಮೇಲೆ ಸೊಂಟ ಹಿಡಿಯಿತು. ಯಜಮಾನರು "ಸಾಕು, ಏಳು" ಅಂದರು. ನಾನು ಏಳಲಿಲ್ಲ.

ನಾಲ್ಕೂ ಐವತ್ತಕ್ಕೆ ಕೊನೆಯ ಎಳೆ ಕೂಡಿತು. ಆ ಹೆಣ್ಣುಮಗಳು ನನ್ನ ಪಾಲಿನ ತುದಿಗಳನ್ನೂ ಹಳೆಯ ಎಳೆಗಳಿಗೆ ಕೆಚ್ಚಿ ಮುಗಿಸುವಾಗ ಐದೂ ನಲವತ್ತು. ನೇಕಾರರು ಸ್ವಿಚ್ ಒತ್ತಿದರು. ಮಗ್ಗ ಎರಡು ಸಲ ನಿಂತಿತು, ಮೂರನೆಯ ಸಲ ಹಿಡಿದ ಓಟ ಬಿಡಲಿಲ್ಲ.

ಆರಕ್ಕೆ ಮಾಲಕರು ಬಂದರು. ನಡೆದದ್ದನ್ನು ನೇಕಾರರು ಹೇಳುವ ಮೊದಲೇ ನಾನು ಹೇಳಿದೆ, ತಪ್ಪು ನನ್ನದೆಂದೂ ಸೇರಿಸಿ. ಅವರು ಮಗ್ಗ ನಿಲ್ಲಿಸಿ, ಹಾಸಿನ ಮೇಲೆ ಅಂಗೈ ಆಡಿಸಿದರು. ಕೂಡಿಸಿದ ಜಾಗ ಕೈಗೆ ಹತ್ತಲಿಲ್ಲ. ಬಗ್ಗಿ ಕಣ್ಣಿಟ್ಟು ನೋಡಿದರು.

"ಛಲೋ ಕೈ ಐತಿ" ಎಂದರು. ನೇಕಾರರ ಕಡೆ ತಿರುಗಿ, "ದೀಪಾವಳಿ ಬೀಮು ನಾಳೆ ಒಯ್ಯಪಾ. ಓಣಿ ತಿರುವಿನ್ಯಾಗ ನೋಡಿ ಬಾ."

ವಾರ್ಡಿನಲ್ಲಿ ನನಗೆ ಶಾಲು, ಹಾರ ಬಂದದ್ದುಂಟು. ಆ ಒಂದು ಮಾತಿನಷ್ಟು ಅವು ನನ್ನನ್ನು ಉಬ್ಬಿಸಿರಲಿಲ್ಲ.

ವಿಮೆಯವರಿಗೆ ಫೋನು ಮಾಡಿದೆ. ಅವಧಿ ಮುಗಿದ ಗಾಡಿಯನ್ನು ಕಣ್ಣಿಂದ ನೋಡಬೇಕು, ನಾಳೆ ಒಂಬತ್ತಕ್ಕೆ ಬನಹಟ್ಟಿಗೇ ಬರುತ್ತೇವೆ ಎಂದರು. ಒಡೆದ ದೀಪದ ಖರ್ಚು ನನ್ನ ತಲೆಯ ಮೇಲೇ ಎಂದೂ ಹೇಳಿದರು. ನ್ಯಾಯವೇ.

"ಹದಿನೈದು ಕಿಲೋಮೀಟರಿಗೆ ಯಾರು ಹಿಡಿತಾರ?" ಎಂದರು ಯಜಮಾನರು.

"ಯಾರೂ ಹಿಡಿಯಂಗಿಲ್ಲ. ಬಸ್ಸಿಗೇ ಹೋಗೂದು. ನಾಳೆ ಬಂದಾಗ ಸೀರಿನೂ ಕೊಳ್ಳೂದು."

ಆರೂವರೆಗೆ ಕಾರಿನ ನಾಲ್ಕೂ ಬಾಗಿಲು ಎಳೆದು ನೋಡಿ, ಒಡೆದ ದೀಪಕ್ಕೆ ಚೀಲ ಕಟ್ಟಿ, ಕೀಲಿಯನ್ನು ನಾಳೆಯವರೆಗೆ ಆ ಹೆಣ್ಣುಮಗಳ ಕೈಗೆ ಕೊಟ್ಟು ದಿನದ ಡ್ಯೂಟಿ ಮುಗಿಸಿದೆ.